ಕರಿ ಇಂಜಿನ್ನಿಗೆ ಹಸಿರು ಬಳಿದ ಕಣ್ಣಿನ ಡಾಕ್ಟರು

ಮುದ್ದೇಬಿಹಾಳದಲ್ಲಿ ಕುಳಿತು ಉಗಿ ಇಂಜಿನ್ನಿನ ಮಾದರಿ ಮಾಡುವ ಹೆಂಗಸನ್ನು ಜನ ಹೇಗೆ ನೋಡುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಊರಿಗೆ ರೈಲೇ ಇಲ್ಲ. ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ, ಮದುವೆಯಾಗಿಲ್ಲ. ಈ ಎರಡನೆಯ ಸಂಗತಿಗೂ ಇಂಜಿನ್ನಿಗೂ ಸಂಬಂಧವಿದೆ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ಸಿದ್ಧಾಂತವೇ ಚಾಲ್ತಿಯಲ್ಲಿದೆ. ಬಂಗಾರದ ದರ, ಪಕ್ಕದ ಮನೆಯ ಸೊಸೆ, ಸೀರಿಯಲ್ಲಿನ ಅತ್ತೆ, ಇಷ್ಟರ ಮೇಲೆ ಮಧ್ಯಾಹ್ನವಿಡೀ ಮಾತಾಡಿ ದಣಿಯದವರಿಗೆ, ಸಂಜೆ ಮನೆಗೆ ಹೋಗಿ ಹಿತ್ತಾಳೆ ತಗಡು ಕತ್ತರಿಸುವವಳು ವಿಚಿತ್ರವಾಗಿ ಕಾಣುತ್ತಾಳೆ. ಕಾಣಲಿ. ನನಗೂ ಅವರು ಹಾಗೇ ಕಾಣುತ್ತಾರೆ.

ನಾನು ಹುಟ್ಟಿ ಬೆಳೆದದ್ದು ಇಂಡಿಯಲ್ಲಿ. ಅಪ್ಪ ಸರ್ಕಾರಿ ಗುಮಾಸ್ತ. ರೈಲು ಹಿಡಿಯಬೇಕಾದರೆ ಊರು ಬಿಟ್ಟು ದೂರದ ಇಂಡಿ ರೋಡ್ ಸ್ಟೇಷನ್ನಿಗೆ ಹೋಗಬೇಕಿತ್ತು. ದೀಪಾವಳಿಯ ಬಟ್ಟೆ ತರಲು ಅಪ್ಪ ನಮ್ಮನ್ನು ಸೊಲ್ಲಾಪುರಕ್ಕೆ ಕರೆದೊಯ್ಯುತ್ತಿದ್ದರು. ಆಗ ಅದು ಮೀಟರ್ ಗೇಜಿನ ಸಣ್ಣ ಹಳಿ, ಉಗಿಯ ಇಂಜಿನ್ನು. ಅಕ್ಕ ಹಣೆಗೆ ಕೈ ಹಿಡಿದು ಗಾಡಿ ಬಂತೇ ಎಂದು ನೋಡುವಾಗ ನಾನು ಅಪ್ಪನ ಧೋತರ ಬಿಟ್ಟು ಪ್ಲಾಟ್‌ಫಾರ್ಮಿನ ಆ ತುದಿಗೆ ಓಡುತ್ತಿದ್ದೆ. ಇಂಜಿನ್ನು ನಿಲ್ಲುವ ಜಾಗ ಅದು.

ಆ ಇಂಜಿನ್ನು ಕಪ್ಪಗಿತ್ತು. ಹಾಗೆಂದರೆ ಡಬ್ಬಿಯಿಂದ ತೆಗೆದ ಒಂದೇ ಕಪ್ಪಲ್ಲ. ಮುಂದಿನ ಹೊಗೆಪೆಟ್ಟಿಗೆ ಕಾಯ್ದು ಕಾಯ್ದು ಹಳೆಯ ಹಂಚಿನ ಹಾಗೆ ಬೂದಿ ತಿರುಗಿದ ಕಪ್ಪು. ಬಾಯ್ಲರಿನದು ಎಣ್ಣೆ ಒರೆಸಿದ ಕಪ್ಪು, ಅದರಲ್ಲಿ ಆಕಾಶ ಮಸುಕಾಗಿ ಕಾಣುತ್ತಿತ್ತು. ಗಾಲಿಗಳದು ಜಿಡ್ಡು ಮತ್ತು ಎರೆಮಣ್ಣಿನ ಧೂಳು ಕೂಡಿದ ಕಂದುಗಪ್ಪು. ಮುಂದಿನ ಅಡ್ಡಪಟ್ಟಿ ಮಾತ್ರ ಕೆಂಪು. ಡ್ರೈವರ್ ನಿಲ್ಲುವ ಕ್ಯಾಬಿನ್ನಿನ ಪಕ್ಕಕ್ಕೆ ನಂಬರು, ಹಿಂದೆ ಕಲ್ಲಿದ್ದಲು ಮತ್ತು ನೀರು ಹೊರುವ ಟೆಂಡರಿನ ಮೇಲೆ ರೈಲ್ವೆ ವಲಯದ ಹೆಸರಿನ ಎರಡಕ್ಷರ, ಇಂಗ್ಲಿಷಿನಲ್ಲೊಮ್ಮೆ, ಹಿಂದಿಯಲ್ಲೊಮ್ಮೆ. ಬಿಳಿ ಬಣ್ಣದಲ್ಲಿ ಬರೆದದ್ದೇ, ಆದರೆ ಹೊಗೆ ಕುಡಿದು ಹಳೆಯ ಹಲ್ಲಿನ ಬಣ್ಣಕ್ಕೆ ತಿರುಗಿದ್ದವು.

ಇದನ್ನೆಲ್ಲ ಬರೀ ಬಾಲ್ಯದ ನೆನಪಿನಿಂದ ಹೇಳಿದರೆ ನನಗೇ ನನ್ನ ಮೇಲೆ ನಂಬಿಕೆ ಇರುತ್ತಿರಲಿಲ್ಲ. ನೆನಪು ಬಹಳ ಸುಳ್ಳು ಹೇಳುತ್ತದೆ. ಆದರೆ ಆ ಕಾಲದಲ್ಲಿ ಹೊರದೇಶದ ಹವ್ಯಾಸಿಗಳು ಕ್ಯಾಮರಾ ನೇತುಹಾಕಿಕೊಂಡು ನಮ್ಮ ಸಣ್ಣ ಹಳಿಗಳ ಉದ್ದಕ್ಕೂ ಅಲೆದಿದ್ದಾರೆ. ಅವರ ಬಣ್ಣದ ಫೋಟೋಗಳನ್ನು ನಾನು ವರ್ಷಗಟ್ಟಲೆ ಹುಡುಕಿ ಕೂಡಿಟ್ಟಿದ್ದೇನೆ. ನಮ್ಮವರು ಅದೇ ಕಾಲದಲ್ಲಿ ಇಂಜಿನ್ನಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರೆ ಇಂಜಿನ್ನಿನ ಅರ್ಧಕ್ಕಿಂತ ಹೆಚ್ಚನ್ನು ಭಾವಂದಿರೇ ಮುಚ್ಚಿಬಿಟ್ಟಿರುತ್ತಾರೆ.

ಮಾದರಿ ಮಾಡುವವರ ಜಗತ್ತನ್ನೂ ಹೊಗಳಲಾರೆ. ಫೋನಿನಲ್ಲಿ ನಮ್ಮದೊಂದು ಗುಂಪಿದೆ, ದೇಶದ ಮೂಲೆಮೂಲೆಯವರಿದ್ದಾರೆ. ಅರ್ಧ ಜನ ಡಬ್ಬಿಯಲ್ಲಿ ಬಂದ ವಿದೇಶಿ ಇಂಜಿನ್ನಿಗೆ ನಮ್ಮ ನಂಬರ್ ಅಂಟಿಸಿ 'ಕೈಯಾರೆ ಮಾಡಿದ್ದು' ಎನ್ನುತ್ತಾರೆ. ಇನ್ನರ್ಧ ಜನ ಏನನ್ನೂ ಮಾಡುವುದಿಲ್ಲ, ಮಾಡಿದವರ ಬಣ್ಣ ಸರಿಯಿಲ್ಲ ಎನ್ನುತ್ತಾರೆ. ಗಾಲಿಯ ಅಂಚಿಗೆ ಬಿಳಿ ಪಟ್ಟಿ ಬೇಕೋ ಬೇಡವೋ ಎಂದು ಒಂದು ಮಳೆಗಾಲವಿಡೀ ಜಗಳವಾಡಿದ್ದನ್ನು ನೋಡಿದ್ದೇನೆ. ದೊಡ್ಡ ಮನುಷ್ಯರು ಬರುವ ದಿನ ಇಂಜಿನ್ ಶೆಡ್ಡಿನವರು ಬಿಳಿ ಹಚ್ಚಿರುತ್ತಾರೆ, ಮರುವಾರ ಅದು ಜಿಡ್ಡಿನಲ್ಲಿ ಮುಳುಗಿರುತ್ತದೆ. ಇಷ್ಟು ಹೇಳಲು ಮಳೆಗಾಲ ಬೇಕಾಗಿಲ್ಲ.

ಇಂತಿರುವಾಗ ಇಂಡಿಯ ಕಣ್ಣಿನ ಡಾಕ್ಟರು ಫೋನ್ ಮಾಡಿದರು.

ಅವರದು ನಮ್ಮ ಹಳೆಯ ಓಣಿಯ ಮನೆತನ. ಲಿಂಬೆಯ ವ್ಯಾಪಾರದಲ್ಲಿ ಬೆಳೆದವರು. ಅಜ್ಜನ ಕಾಲದಲ್ಲಿ ಇವರ ಲಿಂಬೆಯ ಮೂಟೆಗಳು ಇಂಡಿ ರೋಡಿನಿಂದ ರೈಲಿನಲ್ಲಿ ಹೋಗುತ್ತಿದ್ದವಂತೆ. ಮೊಮ್ಮಗ ಓದಿ ಡಾಕ್ಟರಾಗಿ ಊರಿಗೇ ಬಂದು ಹೊಸ ಕಣ್ಣಿನ ದವಾಖಾನೆ ಕಟ್ಟಿಸುತ್ತಿದ್ದರು. ರೋಗಿಗಳು ಕೂಡುವ ಹಾಲಿನಲ್ಲಿ ಒಂದು ಗಾಜಿನ ಪೆಟ್ಟಿಗೆ, ಅದರಲ್ಲಿ ಅಜ್ಜನ ಕಾಲದ ಇಂಜಿನ್ನಿನ ಮಾದರಿ ಇಡಬೇಕೆಂದು ಅವರ ಆಸೆ.

"ಅಜ್ಜಾರದೊಂದು ಹಳೇ ಫೋಟೋ ಐತ್ರಿ ಮೇಡಂ," ಎಂದರು. "ಇಂಜಿನ್ ಮುಂದ ನಿಂತಾರ. ಅದನ್ನ ನೋಡಿ ಹಂಗ ಮಾಡಿಕೊಡ್ರಿ."

ಫೋಟೋ ಕಳಿಸಿದರು. ಕಪ್ಪು ಬಿಳುಪಿನದು. ರುಮಾಲು ಸುತ್ತಿದ ಯಜಮಾನರು, ಅವರ ಕಾಲ ಬಳಿ ಒಂದು ನಾಯಿ, ಹಿಂದೆ ಬೇವಿನ ಗಿಡ, ಬದಿಯಲ್ಲಿ ಇಂಜಿನ್ನಿನ ಮೂತಿ. ಸ್ವಾತಂತ್ರ್ಯಕ್ಕೆ ಮೊದಲಿನ, ರೈಲ್ವೆ ಕಂಪನಿಯ ಕಾಲದ ಇಂಜಿನ್ನು ಅದು. ನಾನು ನೋಡಿದ್ದಲ್ಲ.

"ಡಾಕ್ಟ್ರ, ಇದರ ಆಕಾರ ಹೆಂಗೂ ಹುಡುಕಬಹುದ್ರಿ," ಎಂದೆ. "ಬಣ್ಣ ಯಾವ್ದಿತ್ತು ಅನ್ನೋದು ನನಗ ಗೊತ್ತಿಲ್ಲ. ಕರೀದಿರಬಹುದು, ಬ್ಯಾರೆ ಇರಬಹುದು. ಪುರಾವೆ ಇಲ್ಲದ ನಾ ಹಚ್ಚಂಗಿಲ್ರಿ."

"ಅಂದಾಜಿಲೆ ಹಚ್ರಿ."

"ನೀವು ಅಂದಾಜಿಲೆ ಕಣ್ಣು ಕೊಯ್ತೀರೇನ್ರಿ?"

ಅವರು ನಕ್ಕರು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ನಾನು ಹುಡುಗಿಯಾಗಿದ್ದಾಗ ಅದೇ ಹಳಿಯ ಮೇಲೆ ಕಂಡ ಇಂಜಿನ್ನು, ಪುರಾವೆಯಿರುವ ಇಂಜಿನ್ನು, ಅದನ್ನು ಮಾಡಿ ಕೊಡುತ್ತೇನೆ. ದುಡ್ಡು ಬೇಡ. ಅದು ನನ್ನದೇ ಆಗಿರುತ್ತದೆ, ಇಡಲು ಮಾತ್ರ ಕೊಡುತ್ತೇನೆ. ಬಣ್ಣವನ್ನೂ ಅಕ್ಷರವನ್ನೂ ಯಾರೂ ಮುಟ್ಟಬಾರದು. ಡಾಕ್ಟರು ಎಲ್ಲದಕ್ಕೂ "ಆತ್ರಿ, ಆತ್ರಿ" ಎಂದರು. ಈ ಭಾಗದಲ್ಲಿ ಎರಡು ಸಲ 'ಆತ್ರಿ' ಅಂದರೆ ಕೇಳಿಸಿಕೊಂಡಿಲ್ಲ ಎಂದು ತಿಳಿಯಬೇಕು. ಇಷ್ಟು ವರ್ಷ ಪಾಠ ಹೇಳಿದ ನಾನೇ ಅದನ್ನು ಮರೆತೆ.

ಇಂಜಿನ್ನಿನ ಮೈ ಮುದ್ದೇಬಿಹಾಳದ ನನ್ನ ಹಿಂದಿನ ಕೋಣೆಯಲ್ಲಿ ತಯಾರಾಯಿತು. ಮೊಳದುದ್ದದ್ದು, ಟೆಂಡರ್ ಸೇರಿ. ಹಿತ್ತಾಳೆ ತಗಡು, ಕೆಲವು ಪ್ಲಾಸ್ಟಿಕ್ ಹಾಳೆ, ತಂತಿ. ಬಣ್ಣಕ್ಕೆ ಮಾತ್ರ ನಾನು ಸಿಂದಗಿಗೆ ಹೋಗುತ್ತೇನೆ. ಅಲ್ಲಿ ಅಕ್ಕನ ಮನೆ. ಅಕ್ಕನ ಗಂಡನದು ಬಣ್ಣ ಮತ್ತು ಹಾರ್ಡ್‌ವೇರಿನ ಅಂಗಡಿ. ಅವರನ್ನು ನಾನು ಮಾಮಾ ಎನ್ನುತ್ತೇನೆ. ನಮ್ಮಿಬ್ಬರ ನಡುವೆ ಮೊದಲಿನಿಂದಲೂ ಪ್ರೀತಿಗಿಂತ ಹೆಚ್ಚು ಚೇಷ್ಟೆ, ಚೇಷ್ಟೆಗಿಂತ ಹೆಚ್ಚು ತಾತ್ಸಾರ. ನಾನು ಓದಿ ಕೆಟ್ಟವಳು ಎಂದು ಅವರು, ಓದದೆ ಕೆಟ್ಟವರು ಅವರು ಎಂದು ನಾನು.

ಅಂಗಡಿಯಲ್ಲಿ ಬಣ್ಣ ಕಲಸುವ ಯಂತ್ರವಿದೆ. ಪಕ್ಕದಲ್ಲಿ ಬಣ್ಣದ ಚೀಟಿಗಳ ದೊಡ್ಡ ಕಟ್ಟು. ಅದರಲ್ಲಿ ಒಂದೊಂದು ಕಪ್ಪಿಗೂ ಲಗ್ನಪತ್ರಿಕೆಯಲ್ಲಿ ಇರುವಂಥ ಹೆಸರು. ಇರುಳ ಮೌನ, ಕಾಡಿಗೆಯ ಕನಸು. ಅವುಗಳಲ್ಲಿ ಒಂದೂ ಕಾಯ್ದ ಕಬ್ಬಿಣದ ಬಣ್ಣವಲ್ಲ.

"ಏನಬೇ ತಂಗಿ, ಕರೀದಂದ್ರ ಕರೀದು," ಎಂದರು ಮಾಮಾ. "ಡಬ್ಬಿ ತಗೀಬೇಕು, ಹಚ್ಚಬೇಕು. ಇದಕ್ಕ್ಯಾಕ ಇಷ್ಟ್ ಪಂಚಾಯ್ತಿ?"

"ಹೊಗಿಪೆಟ್ಟಿಗಿಗೆ ಒಂದು ಕರೀದು ಬೇಕ್ರಿ ಮಾಮಾ. ಬಾಯ್ಲರ್‌ಗೆ ಒಂದು, ಗಾಲಿಗೆ ಒಂದು."

"ಎಮ್ಮಿಗೂ ಇಷ್ಟ್ ನಮೂನಿ ಕರೀದು ಇರಂಗಿಲ್ಲ."

ನಾನು ವಿವರಿಸಿದೆ. ದೊಡ್ಡ ಇಂಜಿನ್ನಿಗೆ ಹಚ್ಚಿದ ಅಚ್ಚಗಪ್ಪನ್ನೇ ಮೊಳದುದ್ದದ ಮಾದರಿಗೆ ಹಚ್ಚಿದರೆ ಅದು ಕಲ್ಲಿದ್ದಲಿನ ತುಂಡಿನ ಹಾಗೆ ಕಾಣುತ್ತದೆ. ಮೊಳೆ, ಕೊಳವೆ, ಅಂಚು, ಏನೂ ಕಾಣುವುದಿಲ್ಲ. ನಾವು ನಿಜವಾದ ಇಂಜಿನ್ನನ್ನು ದೂರದಿಂದ, ಬಿಸಿಲಿನಲ್ಲಿ ನೋಡಿರುತ್ತೇವೆ. ನಡುವಿನ ಗಾಳಿ, ಧೂಳು ಆ ಕಪ್ಪನ್ನು ತಿಳಿ ಮಾಡಿರುತ್ತದೆ. ಹಾಗಾಗಿ ಕಪ್ಪಿಗೆ ಒಂಚೂರು ಬಿಳಿ, ಒಂದು ಹನಿ ಕೆಂಪು ಪ್ರೈಮರ್ ಬೆರೆಸಬೇಕು. ಹೊಳಪು ಕಡಿಮೆಯಿರಬೇಕು, ಆದರೆ ಸತ್ತಿರಬಾರದು.

ಮಾಮಾ ಕೇಳಿಸಿಕೊಂಡು ಗಿರಾಕಿಯೊಬ್ಬರ ಕಡೆ ತಿರುಗಿ, "ನೋಡ್ರಿ, ಕರೀದಕ್ಕ ಬಿಳೇದು ಕೂಡಿಸಿ ಕರೀದು ಮಾಡ್ತಾರಂತ. ಇವರು ಕಾಲೇಜಿನ್ಯಾಗ ಕಲಸ್ತಾರ," ಎಂದರು. ಗಿರಾಕಿ ನನ್ನನ್ನು ಕನಿಕರದಿಂದ ನೋಡಿದ.

ಆದರೂ ಮಾಮಾ ಆ ಯಂತ್ರ ಬಿಟ್ಟು ಕೈಯಿಂದಲೇ ಕಲಸಿ ಕಲಸಿ ತಗಡಿನ ಚೂರುಗಳಿಗೆ ಹಚ್ಚಿ ಬಿಸಿಲಿಗೆ ಇಡುತ್ತಿದ್ದರು. ಬೈಯುತ್ತಲೇ ಇಡುತ್ತಿದ್ದರು. ನಾನು ಫೋಟೋ ಹಿಡಿದು "ಇದಲ್ಲ" ಎನ್ನುತ್ತಿದ್ದೆ. ಅಕ್ಕ ಒಳಗಿನಿಂದ "ಊಟಕ್ಕ ಬರ್ತೀರೋ, ಆ ಬಣ್ಣಾನ ಕುಡೀತೀರೋ?" ಎಂದು ಕೂಗುತ್ತಿದ್ದಳು. ಹೀಗೆ ಹಲವು ಭಾನುವಾರ ಹೋದವು. ಕೊನೆಗೆ ಒಂದು ಮಧ್ಯಾಹ್ನ ಮಾಮಾ ಒಂದು ಚೂರು ತಂದು ನನ್ನ ಮುಂದೆ ಎಸೆದು, "ಇದನ್ನೂ ಅಲ್ಲಂದ್ರ ನೀ ಸೊಲ್ಲಾಪುರಕ್ಕ ಹೋಗು," ಎಂದರು. ಅದು ಸರಿಯಿತ್ತು. ನಾನು ಸರಿಯಿದೆ ಎಂದೆ. ಅವರು ಆ ಚೂರನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟುಕೊಂಡು ಬಂದವರಿಗೆಲ್ಲ "ಇದು ಬಾಯ್ಲರಿಂದು" ಎಂದು ತೋರಿಸತೊಡಗಿದರು.

ಅಕ್ಷರದ ಕಥೆ ಇನ್ನೂ ಹೀನಾಯ. ವಿದೇಶದಲ್ಲಿ ನೀರಿನಲ್ಲಿ ನೆನೆಸಿ ಅಂಟಿಸುವ ಅಕ್ಷರದ ಹಾಳೆಗಳು ಸಿಗುತ್ತವೆ, ಆದರೆ ಅದರಲ್ಲಿ ನಮ್ಮ ರೈಲ್ವೆಯ ಹಿಂದಿ ಅಕ್ಷರಗಳು ಯಾಕಿರುತ್ತವೆ? ಬಸವನ ಬಾಗೇವಾಡಿಯಲ್ಲಿ ಒಳ್ಳೆಯ ಸ್ಟಿಕರ್ ಕತ್ತರಿಸುವವನಿದ್ದಾನೆ ಎಂದು ಯಾರೋ ಹೇಳಿದರು. ಹೋದೆ. ಅಂಗಡಿಯ ಗೋಡೆಯ ತುಂಬ ಹುಲಿ, ಹದ್ದು, ಬೆಂಕಿ, ಟ್ರ್ಯಾಕ್ಟರಿನ ಹಿಂದೆ ಅಂಟಿಸುವ ಪ್ರೀತಿಯ ಮಾತುಗಳು. ಕಂಪ್ಯೂಟರಿನ ಮುಂದಿದ್ದವನು ನಾನು ಬರೆದುಕೊಟ್ಟ ನಂಬರನ್ನು ಕ್ಷಣದಲ್ಲಿ ತೆರೆಯ ಮೇಲೆ ತಂದ. ಪ್ರತಿ ಅಂಕಿಗೂ ಬಾಲ ಬಂದಿತ್ತು.

"ಸಾದಾ ಬೇಕು," ಎಂದೆ.

"ಸಾದಾ ಅಂದ್ರ ಚಂದ ಕಾಣಂಗಿಲ್ರಿ ಮೇಡಂ. ನೆಳ್ಳು ಹಾಕ್ತೇನಿ, ಬಂಗಾರದ ಬಾರ್ಡರ್ ಕೊಡ್ತೇನಿ."

ಫೋಟೋ ತೋರಿಸಿದೆ. ಅದರಲ್ಲಿ ಮೂರರ ತಲೆ ಚಪ್ಪಟೆ, ನಾಲ್ಕರ ಬಾಯಿ ತೆರೆದಿತ್ತು, ಒಂದೇ ಇಂಜಿನ್ನಿನ ಎಡಬದಿಯ ಅಂಕಿಗೂ ಬಲಬದಿಯ ಅಂಕಿಗೂ ಹೊಂದಿಕೆಯಿರಲಿಲ್ಲ. ಅವನು ಅದನ್ನು ದೊಡ್ಡದು ಮಾಡಿ ನೋಡಿ, "ಇದು ಫಾಂಟ್ ಅಲ್ರಿ, ಯಾರೋ ಕೈಲೆ ಬರದಾರ," ಎಂದ. ತಪ್ಪನ್ನು ಕಂಡುಹಿಡಿದವನ ದನಿಯಲ್ಲಿ ಹೇಳಿದ. ಹೌದು, ಕೈಯಿಂದ ಬರೆದಿದ್ದರು, ಅದಕ್ಕೇ ನಾನು ಬಂದಿದ್ದು. ಈಗ ನಮ್ಮ ಸುತ್ತಲಿನ ತಾಲ್ಲೂಕುಗಳ ಬೋರ್ಡು, ಬ್ಯಾನರು, ಸತ್ತವರಿಗೆ ಶ್ರದ್ಧಾಂಜಲಿ, ಹುಟ್ಟಿದವರಿಗೆ ಶುಭಾಶಯ, ಎಲ್ಲವೂ ಒಂದೇ ಬಾಲದ ಅಕ್ಷರ. ಯಾರ ಕಣ್ಣಿಗೂ ಚುಚ್ಚುವುದಿಲ್ಲ.

ಮನೆಗೆ ಬಂದು ಕೈಯಿಂದಲೇ ಬರೆದೆ. ಸಣ್ಣ ಕುಂಚ, ಭೂತಗನ್ನಡಿ, ಮೊಣಕೈ ಕೆಳಗೆ ಮಡಿಸಿದ ಸೀರೆ. ಉಸಿರು ಬಿಟ್ಟರೆ ಹಿಂದಿಯ ತಲೆಗೆರೆ ದಪ್ಪವಾಗುತ್ತಿತ್ತು. ಒರೆಸಿ ಮತ್ತೆ ಬರೆದೆ. ಬಿಳಿಗೆ ಹಳದಿಯ ಸುಳಿವು ಬೆರೆಸಿದ್ದೆ. ಎರಡೂ ಬದಿ ಮುಗಿದ ದಿನ ಇಂಜಿನ್ನನ್ನು ಕಿಟಕಿಯ ಬಿಸಿಲಿಗಿಟ್ಟು ದೂರ ಹೋಗಿ ನಿಂತು ನೋಡಿದೆ. ಅದು ಆಟಿಕೆಯಾಗಿ ಕಾಣಲಿಲ್ಲ. ದೂರದಲ್ಲಿ ನಿಂತ ಇಂಜಿನ್ನಾಗಿ ಕಂಡಿತು. ನನ್ನ ಕೆಲಸದ ಬಗ್ಗೆ ನನಗೆ ಒಳ್ಳೆಯ ಮಾತು ಬರುವುದು ಅಪರೂಪ, ಅವತ್ತು ಬಂತು.

ಇಂಡಿಗೆ ಒಯ್ದು ಡಾಕ್ಟರ ಕೈಗೆ ಕೊಟ್ಟೆ. ಅವರು ನೋಡಿ "ಭಾಳ ಚಲೋ ಆಗೇತ್ರಿ" ಎಂದರು. ಪಕ್ಕದಲ್ಲಿದ್ದ ಅವರ ತಾಯಿಯ ತುಟಿ ಮಾತ್ರ ಸ್ವಲ್ಪ ಸೊಟ್ಟಗಾಯಿತು. ದವಾಖಾನೆ ತೆರೆಯುವ ದಿನಕ್ಕೆ ಎಲ್ಲರೂ ಬರಬೇಕೆಂದರು.

ಅಂದು ನಾನು ಸಿಂದಗಿಗೆ ಹೋಗಿ, ಅಲ್ಲಿಂದ ಮಾಮಾನ ಕಾರಿನಲ್ಲಿ ಇಂಡಿಗೆ ಹೋದೆ. ಅಕ್ಕ ಬರಲಿಲ್ಲ. ಮಾಮಾ ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ದಾರಿಯಿಡೀ "ನನ್ನ ಬಾಯ್ಲರ್ ಬಣ್ಣ" ಎಂದು ಮಾತಾಡಿದರು. ದವಾಖಾನೆಯ ಮುಂದೆ ಶಾಮಿಯಾನ, ವೇದಿಕೆ, ಶಾಲು ಹಾರ. ಮಾತಾಡಿದವರೆಲ್ಲ ಕಣ್ಣು ದೇವರು ಕೊಟ್ಟ ವರ ಎಂದರು. ಕಣ್ಣಿದ್ದೂ ನೋಡದವರ ಬಗ್ಗೆ ಯಾರೂ ಮಾತಾಡಲಿಲ್ಲ.

ಹಾಲಿನೊಳಗೆ ಹೋದೆವು. ಗಾಜಿನ ಪೆಟ್ಟಿಗೆಯಲ್ಲಿ ನನ್ನ ಇಂಜಿನ್ನು ನಿಂತಿತ್ತು. ಗಿಳಿ ಹಸಿರು. ಹೊಸ ಕಾರಿನ ಹಾಗೆ ಹೊಳೆಯುತ್ತಿತ್ತು. ಗಾಲಿಗಳಿಗೆ ಬೆಳ್ಳಿ ಬಣ್ಣ. ಟೆಂಡರಿನ ಮೇಲೆ ನಾನು ಉಸಿರು ಹಿಡಿದು ಬರೆದ ಅಕ್ಷರಗಳಿದ್ದ ಜಾಗದಲ್ಲಿ 'ಇಂಡಿ ಎಕ್ಸ್‌ಪ್ರೆಸ್' ಎಂದು ಬಂಗಾರದ ಸ್ಟಿಕರು, ಬಾಲ ಸಮೇತ. ಹೊಗೆಕೊಳವೆಗೆ ಒಂದು ಲಿಂಬೆಹಣ್ಣು, ನಾಲ್ಕಾರು ಹಸಿಮೆಣಸಿನಕಾಯಿ ಪೋಣಿಸಿ ಕಟ್ಟಿದ್ದರು.

ನನಗೆ ಮೊದಲು ಸಿಟ್ಟು ಬರಲಿಲ್ಲ. ಪೆಟ್ಟಿಗೆಯ ಇನ್ನೊಂದು ಬದಿಗೆ ಹೋಗಿ, ಅಲ್ಲಿಯ ಅಕ್ಷರವಾದರೂ ಉಳಿದಿದೆಯೇ ಎಂದು ಬಗ್ಗಿ ನೋಡಿದೆ. ಡಾಕ್ಟರು ಶಾಲು ಹೊದ್ದುಕೊಂಡೇ ಬಂದರು.

"ಬರ್ರಿ ಮೇಡಂ! ನೋಡ್ರಿ ನಿಮ್ಮ ಇಂಜಿನ್ ಹೆಂಗ ಮಿಂಚಾಕತ್ತೇತಿ!"

"ಇದನ್ನ ಯಾರ್ ಮಾಡಿದ್ರು?"

"ನಮ್ಮ ಕಾರಿಗೆ ಪೇಂಟ್ ಮಾಡವ್ರ ಕಡೆ ಕೊಟ್ಟಿದ್ದೆ. ಅವ್ವಗ ಕರೀದು ಸರಿ ಅನಿಸಲಿಲ್ರಿ. ಹೊಸಾ ದವಾಖಾನಿ, ಬಾಗಲದಾಗ ಕರೀದು ಇಡಬಾರ್ದು ಅಂದ್ಳು."

"ಹಂಗಿದ್ರ ಇಡಬಾರ್ದಿತ್ತು. ಬಣ್ಣ ಮುಟ್ಟಬ್ಯಾಡ್ರಿ ಅಂತ ಹೇಳಿದ್ದೆನಲ್ರಿ?"

"ಸುಮ್ಮನ ಹಚ್ಚಿಲ್ರಿ. ಪುರಾವೆ ಪುರಾವೆ ಅಂತಿದ್ರೆಲ್ಲ, ಪುರಾವೆ ಸಿಕ್ಕೇತಿ. ನೋಡ್ರಿಲ್ಲೆ."

ಗೋಡೆಯ ಮೇಲೆ ಆಳೆತ್ತರದ ಫ್ಲೆಕ್ಸು. ಅದೇ ಅಜ್ಜನ ಫೋಟೋ, ಈಗ ಬಣ್ಣದಲ್ಲಿ. ಸ್ಟುಡಿಯೋದವರ ಕಡೆ ಕೊಟ್ಟಿದ್ದರಂತೆ, ಅವರು ಫೋನಿನ ಆ್ಯಪಿಗೆ ಹಾಕಿ ಒಂದೇ ನಿಮಿಷದಲ್ಲಿ ಬಣ್ಣ ತರಿಸಿ ಕೊಟ್ಟಿದ್ದರು. ಅಜ್ಜನ ರುಮಾಲು ಗುಲಾಬಿ, ಆಕಾಶ ನೀಲಿ, ಇಂಜಿನ್ನು ಹಸಿರು.

"ಡಾಕ್ಟ್ರ, ಆ್ಯಪ್ ಏನ್ ಆವಾಗ ಇಂಡಿ ರೋಡಿನ್ಯಾಗ ನಿಂತಿತ್ತೇನ್ರಿ?" ಎಂದೆ. "ಅದು ಬೇವಿನ ಗಿಡ ನೋಡಿ ಹಸರ ಬಳದೈತಿ. ಕೈ ಜಾರಿ ಇಂಜಿನ್ನಿಗೂ ಬಳದೈತಿ."

"ಈಗಿನ ಟೆಕ್ನಾಲಜಿ ನಿಮಗ ಗೊತ್ತಿಲ್ರಿ ಮೇಡಂ. ಅದು ಒಳಗಿನ ಬಣ್ಣ ಹಿಡದು ತಗೀತೈತಿ."

ನಾನು ರಸಾಯನಶಾಸ್ತ್ರ ಕಲಿಸುವವಳು. ಕಪ್ಪು ಬಿಳುಪಿನ ಹಾಳೆಯಲ್ಲಿ ಬಣ್ಣ ಒಳಗೆ ಅಡಗಿ ಕುಳಿತಿರುವುದಿಲ್ಲ ಎಂದು ಹೇಳಿದೆ. ಗೊತ್ತಿಲ್ಲ ಎನ್ನುವುದೂ ಒಂದು ಉತ್ತರ, ಆ್ಯಪಿಗೆ ಆ ಉತ್ತರ ಬರುವುದಿಲ್ಲ ಎಂದೂ ಹೇಳಿದೆ. ಸುತ್ತ ಜನ ಸೇರಿದರು. ಇಬ್ಬರು ನನಗೆ ಸಮಾಧಾನ ಹೇಳಿದರು: ಹಸಿರು ಕಣ್ಣಿಗೆ ತಂಪು, ಹೀಗಾಗಿ ಕಣ್ಣಿನ ದವಾಖಾನೆಗೆ ಹೊಂದುತ್ತದೆ ಎಂದು. ನಾನು ಓದಿಸಿದ ಮಕ್ಕಳು ಮುಂದೆ ಇಂಥವರಾಗುತ್ತಾರಲ್ಲ ಎಂದು ಅನ್ನಿಸಿತು.

ಅಷ್ಟು ಹೊತ್ತು ಮಾಮಾ ಫ್ಲೆಕ್ಸಿನ ಮುಂದೆ ಕೈ ಹಿಂದೆ ಕಟ್ಟಿ ನಿಂತಿದ್ದರು. ಗಿರಾಕಿಗೆ ಬಣ್ಣ ತೋರಿಸುವಾಗ ನಿಲ್ಲುವ ಹಾಗೆ.

"ಡಾಕ್ಟ್ರ, ಈ ನಾಯಿ ನಿಮ್ಮ ಮನ್ಯಾಂದನ್ರಿ?" ಎಂದು ಕೇಳಿದರು.

"ಹೌದ್ರಿ. ಅಜ್ಜಾರು ಸಾಕಿದ್ರಂತ."

"ಇದರ ಹಿಂದಿನ ಅರ್ಧ ಹಸರ ಐತ್ರಿ. ಆವಾಗ ಇಂಡ್ಯಾಗ ಇಂಥಾ ನಾಯಿ ಭಾಳ ಇದ್ದೂವೇನ್ರಿ?"

ಎಲ್ಲರೂ ಫ್ಲೆಕ್ಸಿನ ಕಡೆ ಬಗ್ಗಿದರು. ನಾಯಿಯ ಮುಂಭಾಗ ಕಂದು, ಸೊಂಟದಿಂದ ಬಾಲದವರೆಗೆ ಬೇವಿನ ಎಲೆಯ ಹಸಿರು. ಯಾರೋ ಕಿಸಕ್ಕೆಂದರು, ಆಮೇಲೆ ಇಡೀ ಹಾಲೇ ನಕ್ಕಿತು. ಡಾಕ್ಟರ ಮುಖ ಕೆಂಪಗಾಯಿತು. ಆದರೆ ಸೋಲಲಿಲ್ಲ.

"ನಾಯಿದೊಂದು ಸಣ್ಣ ಮಿಸ್ಟೇಕ್ ಆಗೇತ್ರಿ," ಎಂದರು. "ಇಂಜಿನ್ನಿಂದು ಕರೆಕ್ಟ್ ಐತಿ."

ನಾನು ಬಾಗಿಲ ಕಡೆ ತಿರುಗಿದೆ. ಹಿಂದಿನಿಂದ ಗಾಜಿನ ಪೆಟ್ಟಿಗೆಯ ಬಾಗಿಲು ಸರಿದ ಸದ್ದಾಯಿತು. ಮಾಮಾ ಲಿಂಬೆ ಮೆಣಸಿನಕಾಯಿಯ ಸರವನ್ನು ಬಿಚ್ಚಿ ಪೆಟ್ಟಿಗೆಯೊಳಗೆ ಮರ್ಯಾದೆಯಿಂದ ಇಟ್ಟು, ಹೆಗಲ ಮೇಲಿನ ಟವೆಲ್ಲು ತೆಗೆದು ಇಂಜಿನ್ನನ್ನು ಕೂಸಿನ ಹಾಗೆ ಸುತ್ತಿದರು. ಡಾಕ್ಟರ ತಾಯಿ ಕೂಗಿಕೊಂಡರು.

"ಏ, ಏನ್ ಮಾಡಾಕತ್ತೀರಿ?"

"ನಮ್ಮ ಸಾಮಾನು ನಾವು ಒಯ್ಯಾಕತ್ತೇವ್ರಿ ಯವ್ವಾರ. ಕರೀದು ನಿಮಗ ಬ್ಯಾಡಂದ್ರಿ, ಹಸರು ನಮಗ ಬ್ಯಾಡ. ಮುಗೀತಲ್ರಿ."

ಯಾರೂ ತಡೆಯಲಿಲ್ಲ. ಮಾಮಾ ನನ್ನನ್ನು ಕಾರಿನಲ್ಲಿ ಕೂರಿಸಿ, ಇಂಜಿನ್ನನ್ನು ನನ್ನ ತೊಡೆಯ ಮೇಲಿಟ್ಟರು. ಇಷ್ಟು ವರ್ಷಗಳಲ್ಲಿ ಮೊದಲ ಸಲ ನನಗೆ ಈ ಮನುಷ್ಯನ ಮೇಲೆ ಗೌರವ ಬಂತು. ಅದು ಸ್ವಲ್ಪ ಹೊತ್ತು ಉಳಿಯಲೂಬಹುದಿತ್ತು. ಆದರೆ ಅವರು ಕಾರಿನ ಬಾಗಿಲು ಮುಚ್ಚಿ, "ನೀ ಇದನ್ನ ಹಿಡ್ಕೊಂಡ್ ಕೂಡು, ನಾ ಊಟಾ ಮಾಡಿ ಬರ್ತೇನಿ," ಎಂದರು.

"ಮಾಮಾ! ಜಗಳಾ ಮಾಡಿ ಬಂದು ಊಟಾ ಮಾಡ್ತೀರಿ?"

"ಜಗಳಾ ಬಣ್ಣದ್ದು. ಶೇಂಗಾ ಹೋಳಿಗಿ ಮ್ಯಾಲೆ ನನಗೇನೂ ಸಿಟ್ಟಿಲ್ಲ."

ಹೋದರು. ನಾನು ಹಸಿದುಕೊಂಡು ಹಸಿರು ಇಂಜಿನ್ನು ಹೊತ್ತು ಕೂತಿದ್ದೆ. ಬರುವಾಗ ಹಾಳೆಯಲ್ಲಿ ಸುತ್ತಿ ನನಗೂ ಹೋಳಿಗೆ ತಂದಿದ್ದರು. ತಿಂದೆ. ಚೆನ್ನಾಗಿತ್ತು. ಅದೊಂದನ್ನು ಆ ಮನೆಯವರು ಆ್ಯಪು ಕೇಳದೆ ಮಾಡಿದ್ದರು.

ಬಣ್ಣ ತೆಗೆಯುವುದು ಸುಲಭವಿರಲಿಲ್ಲ. ಕಾರಿನ ಬಣ್ಣ ಗಟ್ಟಿ. ಅದನ್ನು ಕರಗಿಸುವ ದ್ರವ ಹಾಕಿದರೆ ಒಳಗಿನ ಪ್ಲಾಸ್ಟಿಕ್ ಭಾಗಗಳೂ ಕರಗುತ್ತವೆ. ಸಿಂದಗಿಯ ಅಂಗಡಿಯ ಹಿಂದಿನ ಅಂಗಳದಲ್ಲಿ ಕುಳಿತು ಹತ್ತಿಯಲ್ಲಿ ತುಸುತುಸುವೇ ಒತ್ತಿ ಒರೆಸಿದೆ. ಟೆಂಡರಿನ ಬದಿಗೆ ಬಂದಾಗ ಹಸಿರು ಸುಕ್ಕಾಗಿ ಎದ್ದು ಬಂತು, ಅದರಡಿಯಲ್ಲಿ ನಾನು ಬರೆದ ಅಕ್ಷರ ಕಂಡಿತು. ತಲೆಗೆರೆ, ಹಲ್ಲಿನ ಬಣ್ಣದ ಬಿಳಿ, ಎಲ್ಲ ಹಾಗೇ. ಕಂಡದ್ದೊಂದು ಕ್ಷಣ. ಕೈ ತೆಗೆಯುವಷ್ಟರಲ್ಲಿ ಅದೂ ಕರಗಿ ಹತ್ತಿಗೆ ಹತ್ತಿತು. ಆಗ ನನಗೆ ಅಳು ಬಂತು. ಹಾಲಿನಲ್ಲಿ ಅಷ್ಟು ಜನರ ಮುಂದೆ ಬಾರದ್ದು ಅಲ್ಲಿ ಬಂತು. ಅಕ್ಕ ಬಂದು ಪಕ್ಕದಲ್ಲಿ ಕುಳಿತಳು. ಇನ್ನೊಂದು ಹತ್ತಿಯ ಉಂಡೆ ಮಾಡಿ ಕೊಟ್ಟಳು.

"ಮತ್ತ ಬರೀತೀಯಲ್ಲ?" ಎಂದಳು.

"ಬರೀತೇನಿ."

ಮತ್ತೆ ಬರೆದೆ. ಮೊದಲಿನದಕ್ಕಿಂತ ಚೆನ್ನಾಗಿ ಬಂತು ಎಂದು ಹೇಳಿದರೆ ಕೇಳಲು ಹಿತವಾಗಿರುತ್ತದೆ, ಆದರೆ ಹಾಗೇನೂ ಆಗಲಿಲ್ಲ. ಮೊದಲಿನದೇ ಚೆನ್ನಾಗಿತ್ತು. ಕಪ್ಪು ಮಾತ್ರ ಅದೇ ಕಪ್ಪು. ಮಾಮಾ ಈಗ ಅದರಲ್ಲಿ ಪಂಡಿತರಾಗಿಬಿಟ್ಟಿದ್ದರು. ಒಣಗಿದ ಮೇಲೆ ಇಂಜಿನ್ನನ್ನು ಮುದ್ದೇಬಿಹಾಳಕ್ಕೆ ಒಯ್ಯಲು ಅವರು ಬಿಡಲಿಲ್ಲ. ಅಂಗಡಿಯಲ್ಲೇ ಗಾಜಿನ ಬೀರುವಿನಲ್ಲಿ ಇಟ್ಟುಕೊಂಡರು. ಗಿರಾಕಿಗಳು "ಇದು ಯಾವ ಕಂಪನಿ ಬಣ್ಣಾರಿ?" ಎಂದು ಕೇಳುತ್ತಾರೆ. "ಇದು ಡಬ್ಬ್ಯಾಗ ಸಿಗಂಗಿಲ್ಲ," ಎಂದು ಮಾಮಾ ಮುಖ ತಿರುಗಿಸುತ್ತಾರೆ. ರಸ್ತೆಯಲ್ಲಿ ಹೊಸ ಕಪ್ಪು ಕಾರು ಹೋದರೆ ಈಗ ಅವರಿಗೆ ತಾತ್ಸಾರ: "ಏನ್ ಕರೀದಪ್ಪಾ ಅದು, ಛತ್ರಿ ಬಟ್ಟಿ ಇದ್ದಂಗ."

ಡಾಕ್ಟರು ಸುಮ್ಮನಿರಲಿಲ್ಲ. ಬೇರೆಯವರ ಕಡೆಯಿಂದ ಫೈಬರಿನಲ್ಲಿ ಆಳುದ್ದದ ಇಂಜಿನ್ನು ಮಾಡಿಸಿ ನಿಲ್ಲಿಸಿದರು. ಹಸಿರು. ರೋಗಿಗಳು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಫೋಟೋಗಳು ಊರು ಸುತ್ತಿ, ನಮ್ಮ ಗುಂಪಿಗೂ ಬಂದವು. ಒಬ್ಬ ಮಹಾಶಯ, ಏನನ್ನೂ ಮಾಡದ ಅರ್ಧದವನು, ನನಗೇ ಕೇಳಿದ: ನಿಮ್ಮ ಲೈನಿನಲ್ಲಿ ಹಸಿರು ಇಂಜಿನ್ನುಗಳಿದ್ದವಂತಲ್ಲ, ನೀವು ಯಾಕೆ ಕಪ್ಪು ಮಾಡಿದಿರಿ? ನಾನು ನನ್ನಲ್ಲಿರುವ ಹಳೆಯ ಬಣ್ಣದ ಫೋಟೋಗಳನ್ನೆಲ್ಲ ಕಳಿಸಿದೆ. ಅವನು ನೋಡಿ, ಇವು ಬಣ್ಣ ಮಾಸಿದ ಫೋಟೋ ಇರಬಹುದು ಎಂದ. ಗುಂಪು ಬಿಟ್ಟೆ. ಆಮೇಲೆ ಮತ್ತೆ ಸೇರಿದೆ. ತಪ್ಪು ಹೇಳುವವರನ್ನು ತಿದ್ದದೆ ಇರಲು ನನ್ನಿಂದ ಆಗುವುದಿಲ್ಲ, ಅದು ನನ್ನ ಕೆಲಸದ ರೋಗ.

ಮೊನ್ನೆ ಒಂದು ಭಾನುವಾರ ಸಿಂದಗಿಯ ಅಂಗಡಿಯಲ್ಲಿದ್ದೆ. ಸರಕಿನ ಗಾಡಿ ಎಳೆಯುವ ಇಂಜಿನ್ನೊಂದನ್ನು ಶುರು ಮಾಡಿದ್ದೇನೆ, ಅದರ ಬಣ್ಣದ ಮಾತು ನಡೆದಿತ್ತು. ಹೊರಗೆ ಕಾರು ನಿಂತಿತು. ಇಳಿದವರು ಕಣ್ಣಿನ ಡಾಕ್ಟರು. ಊರಲ್ಲಿ ಕಣ್ಣು ತಪಾಸಣೆಯ ಶಿಬಿರಕ್ಕೆ ಬಂದಿದ್ದರಂತೆ. ನಮಸ್ಕಾರ ಹೇಳಿ, ನೇರ ಬೀರುವಿನ ಕಡೆ ಹೋದರು. ಕಿಸೆಯಿಂದ ಸಣ್ಣ ಬ್ಯಾಟರಿ ತೆಗೆದು ಗಾಜಿನ ಮೂಲಕ ಟೆಂಡರಿನ ಮೇಲೆ ಬೆಳಕು ಬಿಟ್ಟು, ರೋಗಿಯ ಕಣ್ಣು ನೋಡುವಷ್ಟೇ ನಿಗಾದಿಂದ ಬಹಳ ಹೊತ್ತು ನೋಡಿದರು. ನನಗೆ, ಈ ಮನುಷ್ಯನಿಗೆ ಈಗಲಾದರೂ ಕಂಡಿತೇನೋ ಅನ್ನಿಸಿತು.

"ಅಕ್ಷರ ಭಾಳ ಚಲೋ ಬರದೀರಿ ಮೇಡಂ," ಎಂದರು. "ಹಸರ ಇದ್ದಿದ್ರ ಇನ್ನೂ ಎದ್ದು ಕಾಣ್ತಿದ್ದೂವು."

ಮಾಮಾ ಚಹಾ ಹೇಳಿದರು. ಡಾಕ್ಟರಿಗೆ ದವಾಖಾನೆಯ ಗೇಟಿಗೆ ಬಣ್ಣ ಬೇಕಾಗಿತ್ತು. ಮಾಮಾ ಚೀಟಿಗಳ ಕಟ್ಟು ಬಿಚ್ಚಿ ಹಸಿರುಗಳನ್ನು ಒಂದೊಂದಾಗಿ ಹರಡತೊಡಗಿದರು. ಗಿಳಿ ಹಸಿರು, ಬಾಳೆ ಎಲೆ, ಲಿಂಬೆ ಕಾಯಿ. ಒಂದೊಂದರ ಗುಣವನ್ನೂ ಭಕ್ತಿಯಿಂದ ವರ್ಣಿಸಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ನನ್ನ ಕಡೆ ನೋಡದೆ, "ನೀನೂ ಹೇಳಬೇ ತಂಗಿ, ಗೇಟಿಗೆ ಯಾವ್ದು ಒಪ್ಪತೈತಿ?" ಎಂದರು.

"ನಾಯಿ ಹಸರ ಹಚ್ರಿ," ಎಂದು ಹೇಳಿ ನಾನು ಚಹಾ ಎತ್ತಿಕೊಂಡೆ.